ಹಳೇ ಹೋಂಡಾ ಸಿಟಿ ಕಾರು ಕೊಳ್ಳೋ ಮುಂಚೆ ಬೆಲ್ಟ್ ಎಳೆದು ನೋಡ್ರಿ

ಡ್ರೈವರ್ ಸೀಟಿನಲ್ಲಿ ಕೂತ ಕೂಡಲೇ ಸೀಟ್ ಬೆಲ್ಟ್ ಹಾಕಿಕೊಳ್ಳಬೇಡಿ. ಪೂರ್ತಿ ಹೊರಗೆ ಎಳೆಯಿರಿ, ಇನ್ನು ಬರುವುದಿಲ್ಲ ಅನ್ನುವವರೆಗೆ. ಗೋಕಾಕ ಕಡೆಯ ಒಂದು ಹೋಂಡಾ ಸಿಟಿ ನೋಡಲು ಹೋದಾಗ ನನ್ನ ಜೊತೆ ಬಂದಿದ್ದ ಮಿಸ್ತ್ರಿ ಮಾಡಿದ ಮೊದಲ ಕೆಲಸ ಇದು. ಹೊರಗೆ ಬಿಳಿ ಬಣ್ಣ ಫಳಫಳ. ಬೆಲ್ಟಿನ ಕೊನೆಯ ಒಂದು ಗೇಣಿನಲ್ಲಿ ಮಾತ್ರ ಬೂದು ಗೆರೆ. ಉಗುರಿನಿಂದ ಕೆರೆದರೆ ಮಣ್ಣು ಉದುರಿತು. “ಇದು ಹೊಳಿ ಕಂಡ ಗಾಡಿ ಐತ್ರಿ” ಎಂದ, ಮಾರುವವರಿಗೂ ಕೇಳುವಷ್ಟು ಗಟ್ಟಿಯಾಗಿ. ಚಹಾ ಕುಡಿದು ಎದ್ದು ಬಂದೆವು.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿದ್ದನ್ನು ನಮ್ಮ ಭಾಗದವರು ಮರೆತಿಲ್ಲ, ಅತ್ತ ಸಾಂಗಲಿ, ಕೊಲ್ಹಾಪುರದವರೂ ಮರೆತಿಲ್ಲ. ಬೆಳಗಾವಿಯಲ್ಲಿ ಸೆಕೆಂಡ್ ಹ್ಯಾಂಡ್ ಸೆಡಾನ್ ನೋಡುವವರು ಇಂಜಿನ್ನಿಗಿಂತ ಮೊದಲು ನೀರಿನ ಗುರುತು ಹುಡುಕಬೇಕಾದದ್ದು ಅದಕ್ಕೇ. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿಯನ್ನು ಹೊರಗೆ ತೆಗೆಸಿ. ಆ ಗುಂಡಿಯ ಮೂಲೆಯಲ್ಲಿ ಮಣ್ಣು ಕೂತಿದ್ದರೆ, ಅದು ಖಾನಾಪುರದ ಕೆಂಪು ಮಣ್ಣೋ ರಾಮದುರ್ಗದ ಎರೆಯೋ ಎಂಬುದು ಬೇಕಿಲ್ಲ. ಅಲ್ಲಿಗೆ ಮಣ್ಣು ನಡೆದು ಬರುವುದಿಲ್ಲ. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು, ಕಾರಿನ ಒಳಗೆ ಅತಿಯಾದ ಸೆಂಟಿನ ವಾಸನೆ, ಇವೆರಡೂ ಜೊತೆಗಿದ್ದರೆ ಚೌಕಾಶಿಗೂ ನಿಲ್ಲಬೇಡಿ.

ಆಮೇಲೆ ಯಾವ ಸಿಟಿ ಎಂಬುದನ್ನು ನೋಡಿ. ಸೊಯಿಚಿರೊ ಹೋಂಡಾ ಸೈಕಲ್ಲಿಗೆ ಪುಟ್ಟ ಇಂಜಿನ್ ಕಟ್ಟುವುದರಿಂದ ಶುರುಮಾಡಿ 1948ರಲ್ಲಿ ಕಟ್ಟಿದ ಕಂಪನಿ ಇದು. ಸಿಟಿ ಎಂಬ ಹೆಸರು 1981ರಲ್ಲಿ ಜಪಾನಿನಲ್ಲಿ ಬಂದಾಗ ಅದು ಸೆಡಾನೇ ಅಲ್ಲ, ಮೋಟು ಹಿಂಭಾಗದ ಚಿಕ್ಕ ಕಾರು. ಭಾರತಕ್ಕೆ ಸಿಟಿ ಬಂದದ್ದು 1998ರಲ್ಲಿ, ಗ್ರೇಟರ್ ನೋಯ್ಡಾದಲ್ಲಿ ತಯಾರಾಗಿ. ಈಗ ರಾಜಸ್ಥಾನದ ತಪುಕಾರಾದಲ್ಲಿ ತಯಾರಾಗುತ್ತದೆ. 2003ರಲ್ಲಿ ಬಂದ ಐ-ಡಿಎಸ್‌ಐ ಇಂಜಿನ್ನಿಗೆ ನಾಲ್ಕು ಸಿಲಿಂಡರ್, ಎಂಟು ಸ್ಪಾರ್ಕ್ ಪ್ಲಗ್. ಹಿಂದಿನ ನಾಲ್ಕಕ್ಕೆ ಕೈ ಹೋಗುವುದು ಕಷ್ಟವೆಂದು ಮುಂದಿನವನ್ನಷ್ಟೇ ಬದಲಿಸಿ ಎಂಟರ ದುಡ್ಡು ಇಸಿದುಕೊಳ್ಳುವವರಿದ್ದಾರೆ, ಕೇಳಿ ತಿಳಿಯಿರಿ. ಡೀಸೆಲ್ ಬಂದದ್ದು 2014ರಲ್ಲಿ, ನಿಂತದ್ದು 2023ರಲ್ಲಿ. ದಿನಾ ಹುಬ್ಬಳ್ಳಿಗೆ ಹೋಗಿಬರುವವರಲ್ಲದಿದ್ದರೆ ಡೀಸೆಲ್ ಬೇಡ ಅನ್ನುತ್ತೇನೆ. 2014ರಲ್ಲಿ ಬಂದ ಮಾದರಿಯ ಪೆಟ್ರೋಲ್ ಗಾಡಿ, 1497 ಸಿಸಿ, 510 ಲೀಟರ್ ಡಿಕ್ಕಿ: ಮದುವೆಗೆ ಹೊರಟ ಐವರ ಸಾಮಾನು ಅದರಲ್ಲಿ ಹಿಡಿಸುತ್ತದೆ.

ಇನ್ನು ಬಗ್ಗಿ ಕೆಳಗೆ ನೋಡಿ. ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವೆ ಇರುವುದು 165 ಮಿ.ಮೀ., ಅದೂ ಖಾಲಿ ಗಾಡಿಗೆ. ನಮ್ಮ ಹಳ್ಳಿಗಳ ಹಂಪುಗಳಿಗೆ ಈ ಲೆಕ್ಕ ಗೊತ್ತಿಲ್ಲ. ಇಂಜಿನ್ ಆಯಿಲಿನ ಚೇಂಬರ್ ಮೇಲೆ ಒಂದೆರಡು ಗೀರು ಇದ್ದರೆ ಇರಲಿ. ನಗ್ಗಿದ್ದರೆ, ಎಣ್ಣೆ ಜಿನುಗಿ ಧೂಳು ಕಟ್ಟಿದ್ದರೆ ಖರ್ಚು ಕಾದಿದೆ.

ಓಡಿಸಿ ನೋಡಲು ಬೆಳಗಾವಿ ಕ್ಯಾಂಪಿನ (ದಂಡು ಪ್ರದೇಶದ) ಖಾಲಿ ರಸ್ತೆ ಸಾಲದು. ಮಾರುವವರಿಗೆ ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎನ್ನಿ, ಹೋದಾಗ ಬಾನೆಟ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ. ಕೀ ತಿರುವಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೆ ಯಾರೋ ಏನೋ ಮಾಡಿದ್ದಾರೆ. ಸಂಕೇಶ್ವರದ ದಾರಿ ಹಿಡಿದು ವಂಟಮುರಿ ಘಾಟಿನಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು, ಎಸಿ ಹಾಕಿ ಏರಿಸಿ. ಪೆಟ್ರೋಲ್ ಸಿಟಿ ಗೇರ್ ಇಳಿಸಿ ಕೂಗಿಸಿದರೆ ಮಾತ್ರ ಎಳೆಯುತ್ತದೆ; ಅದು ಅದರ ಗುಣ, ರೋಗವಲ್ಲ. ಇಂಜಿನ್ ಕೂಗು ಏರಿದರೂ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಸಿವಿಟಿಯಾದರೆ, ಅಂದರೆ ಆಟೋಮ್ಯಾಟಿಕ್ ಗೇರಿನ ಗಾಡಿಯಾದರೆ, ಗುಂಯ್ ಎಂಬ ಸದ್ದು ಸಹಜ, ಹೊರಡುವಾಗ ನಡುಗಿದರೆ ಸಹಜವಲ್ಲ.

ಕಾಗದಪತ್ರದಲ್ಲಿ ಜನ ಮೋಸ ಹೋಗುವುದು ಎಂಎಚ್ (ಮಹಾರಾಷ್ಟ್ರ ನೋಂದಣಿಯ) ಗಾಡಿಗಳಲ್ಲಿ. ಕೊಲ್ಹಾಪುರದ ಗಾಡಿ ಅಗ್ಗವೆಂದು ತರುತ್ತಾರೆ, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟುವಾಗ ಆ ಅಗ್ಗ ಕರಗಿಹೋಗುತ್ತದೆ. ಆ ಮೊತ್ತವನ್ನು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಂಡು ಬೆಲೆ ಮಾತಾಡಿ. ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮಹಾರಾಷ್ಟ್ರದ ಆರ್‌ಟಿಒದಿಂದಲೇ ಬರಬೇಕು. ಬೆಳಗಾವಿಯ ಕೆಎ-22 ಗಾಡಿಯಾದರೆ ಹೆಸರು ಬದಲಿಸುವ ಫಾರಂ 29, 30 ಸಾಕು. ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಸಾಲದ ಗಾಡಿಯಾಗಿದ್ದರೆ ಬ್ಯಾಂಕ್ ಸಹಿ ಮಾಡಿದ ಫಾರಂ 35 ಕೇಳಿ, “ಸಾಲ ತೀರೇದ ಬಿಡ್ರಿ” ಎಂಬ ಬಾಯಿಮಾತು ನಡೆಯುವುದಿಲ್ಲ. 2013ಕ್ಕಿಂತ ಹಳೆಯ ಹಲವು ಸಿಟಿಗಳನ್ನು ಏರ್‌ಬ್ಯಾಗಿನ ಬಿಡಿಭಾಗ ಬದಲಿಸಲು ಕಂಪನಿಯೇ ವಾಪಸ್ ಕರೆದಿತ್ತು. ನಿಮ್ಮದು ಆ ಪಟ್ಟಿಯಲ್ಲಿದೆಯೇ, ಬದಲಾಗಿದೆಯೇ ಎಂಬುದನ್ನು 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲೇ ವಿಚಾರಿಸಬಹುದು. ಆರ್‌ಸಿಯಲ್ಲಿರುವ ನಂಬರನ್ನೇ ಓದಿ ಹೇಳಬೇಡಿ. ಗಾಡಿಯ ಮೇಲೆ ಕೊರೆದದ್ದನ್ನು ಟಾರ್ಚ್ ಹಿಡಿದು ಓದಿ, ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಅಡ್ವಾನ್ಸ್ ಕೊಡಿ.