ಗುಂಡನ ಪೆಟ್ಟಿಗೆ: ಗಾಜು, ಪ್ಲೈವುಡ್, ಕೊನೆಗೆ ಪಿವಿಸಿ

ಹಾವು ತಂದ ಮೊದಲ ವರ್ಷ ಅದನ್ನು ಮೀನಿನ ಗಾಜಿನ ತೊಟ್ಟಿಯಲ್ಲೇ ಇಟ್ಟಿದ್ದೆ. ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ಡಿಸೆಂಬರಿನ ಒಂದು ಬೆಳಗಿನ ಜಾವ ಎದ್ದು ಗಾಜಿನ ಮೇಲೆ ಅಂಗೈ ಇಟ್ಟರೆ ಹಿಮದಂತೆ ತಣ್ಣಗಿತ್ತು. ತಂಪು ಬದಿಯ ಥರ್ಮಾಮೀಟರು 20 ಡಿಗ್ರಿ ತೋರಿಸುತ್ತಿತ್ತು. ನನ್ನ ಗುಂಡ ಬಾಲ್ ಪೈಥಾನ್, ಅಂದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಣ್ಣ ಹೆಬ್ಬಾವು. ಅದಕ್ಕೆ ಒಂದು ಬದಿ 31-32 ಡಿಗ್ರಿ, ಇನ್ನೊಂದು ಬದಿ 25-26 ಡಿಗ್ರಿ ಬೇಕು. ಗುಂಡ ಮೂಲೆಯಲ್ಲಿ ತನ್ನ ಹೆಸರಿಗೆ ತಕ್ಕ ಹಾಗೆ ಉಂಡೆಯಾಗಿ ಬಿದ್ದಿದ್ದ. ಮೂರು ವಾರದಿಂದ ಏನೂ ತಿಂದಿರಲಿಲ್ಲ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ನಾಗರ, ಕೇರೆ, ನಮ್ಮ ಕಾಡಿನ ಹೆಬ್ಬಾವು ಇವನ್ನೆಲ್ಲ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗುಂಡ ವಿದೇಶಿ ಜಾತಿಯವನು, ಸಾಕಿದವರ ಮನೆಯಲ್ಲೇ ಹುಟ್ಟಿದವನು. ಇಂಥ ವಿದೇಶಿ ಪ್ರಾಣಿಗಳ ನೋಂದಣಿಗೆ 2024ರ ನಿಯಮ ಬಂದ ಮೇಲೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅವನ ನೋಂದಣಿ ಮಾಡಿಸಿದ್ದೇನೆ. ಆ ಕಾಗದ ಇಲ್ಲದವರು ಪೆಟ್ಟಿಗೆಯ ಚಿಂತೆಗೆ ಹೋಗಲೇಬೇಡಿ.

ಗಾಜಿನ ಗುಣ ನನಗೆ ಆ ಚಳಿಯಲ್ಲಿ ಅರ್ಥವಾಯಿತು. ಕೆಳಗೆ ಇಟ್ಟ ಹೀಟ್ ಮ್ಯಾಟಿನ (ಕರೆಂಟಿನಿಂದ ಕಾಯುವ ತೆಳು ಚಾಪೆ) ಶಾಖ ಗಾಜಿನ ತಳದ ಮೂಲಕ ಸಲೀಸಾಗಿ ಒಳಗೆ ಬರುತ್ತದೆ. ಅಷ್ಟೇ ಸಲೀಸಾಗಿ ನಾಲ್ಕೂ ಗೋಡೆಗಳಿಂದ ಹೊರಗೂ ಹೋಗುತ್ತದೆ. ಮೇಲಿನ ಜಾಳಿಗೆ ಮುಚ್ಚಳದಿಂದ ಬಿಸಿ ಗಾಳಿ ಏರಿ ಹೋಗುವಾಗ ತೇವವನ್ನೂ ಕರೆದುಕೊಂಡು ಹೋಗುತ್ತದೆ. ನಮ್ಮ ಅವ್ವ ಒಂದು ರಾತ್ರಿ ಹಳೇ ಕೌದಿ ತಂದು ತೊಟ್ಟಿಗೆ ಹೊದಿಸಿದಳು. "ಪಂಚಮಿಗೆ ಹುತ್ತಕ್ಕ ಹಾಲು ಎರಿಯೋ ಮನಿಯಾಗ ಹಾವಿಗೆ ಥಂಡಿ ಹತ್ತಬಾರದಪಾ" ಅಂದಳು. ಒಳಗೆ ಬೆಚ್ಚಗೇನೋ ಆಯಿತು, ಆದರೆ ಗಾಳಿ ಆಡದೆ ಬೆಳಗಾಗುವಷ್ಟರಲ್ಲಿ ಗಾಜಿನ ತುಂಬ ನೀರಿನ ಹನಿ. ಕೌದಿ ತೆಗೆದರೆ ಒಣಗುವುದು, ಹೊದಿಸಿದರೆ ಬೆವರುವುದು. ಜನವರಿಯಲ್ಲಿ ಗುಂಡ ಪೊರೆ ಬಿಟ್ಟಾಗ ಅದು ಚೂರು ಚೂರಾಗಿ ಬಂತು. ಎಡಗಣ್ಣಿನ ಮೇಲಿನ ಪೊರೆ ಹಾಗೇ ಅಂಟಿಕೊಂಡು ಉಳಿಯಿತು. ಅದನ್ನು ಉಗುರಿನಿಂದ ಕೀಳಬಾರದು, ಕಣ್ಣೇ ಹೋದೀತು. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಡಬ್ಬಿಯಲ್ಲಿ ಹಾಸಿ, ಗಾಳಿಗೆ ತೂತು ಮಾಡಿ, ಅರ್ಧ ಗಂಟೆ ಅದರಲ್ಲಿ ಬಿಡುತ್ತಿದ್ದೆ. ಮೂರನೇ ದಿನ ಪೊರೆ ತಾನಾಗಿ ಬಿಟ್ಟಿತು. ಆ ಮೂರು ದಿನ ನನಗೆ ಸರಿಯಾಗಿ ನಿದ್ದೆ ಇಲ್ಲ.

ಎರಡನೆಯದು ಪ್ಲೈವುಡ್ಡಿನ ಪೆಟ್ಟಿಗೆ. ಕಟ್ಟಿಗೆ ಶಾಖ ಹಿಡಿದಿಡುತ್ತದೆ, ಮೂರು ಬದಿ ಮುಚ್ಚಿರುವುದರಿಂದ ಹಾವಿಗೆ ಅಂಜಿಕೆಯೂ ಕಡಿಮೆ. ಓಣಿಯ ಬಡಿಗೇರ ಕಾಕಾ ದಾಂಡೇಲಿ ಸಾಗವಾನಿಯಲ್ಲೇ ಮಾಡೋಣ ಅಂದಿದ್ದರು, ರೊಕ್ಕ ಕೂಡಲಿಲ್ಲ. ದೇವದಾರು ಬೇಡವೆಂದು ನಾನೇ ಹೇಳಿದೆ. ಆ ಕಟ್ಟಿಗೆಯ ಘಾಟು ಎಣ್ಣೆ ಹಾವಿನ ಉಸಿರಿಗೆ ಒಳ್ಳೆಯದಲ್ಲ. ಪ್ಲೈವುಡ್ಡಿನಲ್ಲಿ ಮಾಡಿಸಿ, ಒಳಗೆ ಎರಡು ಕೋಟ್ ವಾರ್ನಿಷ್ ಹೊಡೆದು, ವಾಸನೆ ಪೂರಾ ಹೋಗಲಿ ಎಂದು ಮೂರು ವಾರ ಬಿಸಿಲಿಗೆ ಇಟ್ಟಿದ್ದೆ. ಆ ಚಳಿಗಾಲ ಚೆನ್ನಾಗಿಯೇ ಕಳೆಯಿತು, ಗುಂಡ ತಿನ್ನಲು ಶುರು ಮಾಡಿದ.

ಕೆಟ್ಟದ್ದು ಜುಲೈ ಮಳೆಯಲ್ಲಿ. ಧಾರವಾಡ ಮಲೆನಾಡಿನ ಸೆರಗಿನ ಊರು. ಇಲ್ಲಿ ಜಿಟಿಜಿಟಿ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಹೊರಗೆ ಆ ತೇವ, ಒಳಗೆ ನೀರಿನ ಬೋಗುಣಿ, ಮೇಲೆ ಹಾವಿನ ಉಚ್ಚೆ. ಬಾಗಿಲು ಸರಿಸಲು ಹೋದರೆ ಅದು ಸರಿಯುವ ಕೆಳಗಿನ ಜಾಡು ಉಬ್ಬಿ ಬಿಗಿಯಾಗಿತ್ತು. ಹಿಂದಿನ ಮೂಲೆಯ ಹಾಸು ಸರಿಸಿ ಹೆಬ್ಬೆರಳು ಒತ್ತಿದೆ. ಸಾರಿನಲ್ಲಿ ನೆನೆದ ಖಡಕ್ ರೊಟ್ಟಿಯ ಹಾಗೆ ಉಗುರು ಒಳಗೆ ಇಳಿಯಿತು. ಪದರುಗಳ ನಡುವೆ ಬಿಳಿ ಬೂಷ್ಟು. ವಾರ್ನಿಷ್ ಹಲಗೆಯ ಮುಖಕ್ಕೆ ಮಾತ್ರ ಇತ್ತು, ಕೊರೆದ ಅಂಚಿಗೆ ಇರಲಿಲ್ಲ. ನೀರು ಕುಡಿದದ್ದು ಆ ಅಂಚು. ಪ್ಲೈವುಡ್ಡಿನಲ್ಲೇ ಮಾಡಿಸುವವರು ನೀರು ತಾಳುವ, ಐಎಸ್ 710 ಗುರುತಿನ ಮರೀನ್ ಹಲಗೆ ತಗೊಳ್ಳಿ. ಅಂಚುಗಳಿಗೆ ಮುಖಕ್ಕಿಂತ ಹೆಚ್ಚು ಕೋಟ್ ಹೊಡೆಸಿ.

ಆಗ ಕಾಕಾನೇ ದಾರಿ ತೋರಿಸಿದರು. "ತಮ್ಮಾ, ಸಿಂಕಿನ ಕೆಳಗ ಈಗ ಯಾರೂ ಕಟ್ಟಿಗಿ ಹಾಕೂದಿಲ್ಲ. ಪಿವಿಸಿ ಫೋಮ್ ಬೋರ್ಡ್ ನೋಡು, ನೀರಾಗ ಇಟ್ರೂ ಉಬ್ಬೂದಿಲ್ಲ" ಎಂದು ಒಂದು ತುಂಡು ಕೈಗೆ ಕೊಟ್ಟರು. ಹಗುರ, ಒಳಗೆಲ್ಲ ಸಣ್ಣ ಸಣ್ಣ ಗಾಳಿಯ ಗುಳ್ಳೆ. ಶಾಖ ತಡೆಯುವುದು ಆ ಗುಳ್ಳೆಗಳೇ. ಹುಬ್ಬಳ್ಳಿಯ ಅಂಗಡಿಯಲ್ಲಿ ನಾಲ್ಕೈದು ಬಗೆಯ ಹಾಳೆ ಇದ್ದವು. ಅಗ್ಗದ್ದರ ಅಂಚನ್ನು ಉಗುರಿನಿಂದ ಒತ್ತಿದರೆ ಗುಣಿ ಬೀಳುತ್ತಿತ್ತು. ಅಂಥದ್ದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಗುಣಿ ಬೀಳದ, ಕೈಗೆ ಭಾರ ಅನಿಸುವ 18 ಮಿಲಿಮೀಟರಿನದು ತಂದೆ. ದೊಡ್ಡ ಬಾಲ್ ಪೈಥಾನಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆ ಬೇಕು. ತಳ, ಚಾವಣಿ, ಬೆನ್ನು ತಲಾ 8 ಚದರಡಿ, ಎರಡು ಪಕ್ಕೆ ತಲಾ 4. ಕೂಡಿಸಿದರೆ 32, ಅಂದರೆ 8 ಅಡಿ 4 ಅಡಿಯ ಒಂದೇ ಹಾಳೆ. ಗರಗಸಕ್ಕೆ ಹೋಗುವ ಕೂದಲೆಳೆ ಲೆಕ್ಕ ಹಿಡಿದು ಅಳತೆ ತುಸು ಕಡಿಮೆ ಮಾಡಿಕೊಂಡೆವು. ಮುಂದೆ ಹಾಸು ಚೆಲ್ಲದಂತೆ ತಡೆಯುವ ಪಟ್ಟಿಯನ್ನು ಕಾಕಾ ತಮ್ಮ ಬೇರೆ ಕೆಲಸದ ತುಂಡಿನಿಂದ ಕೊಟ್ಟರು, ರೊಕ್ಕ ತಗೊಳ್ಳಲಿಲ್ಲ.

ಪಿವಿಸಿಗೆ ಎರಡು ಎಚ್ಚರ ಬೇಕು. ಹೀಟ್ ಮ್ಯಾಟನ್ನು ಇದರ ಕೆಳಗೆ ಇಟ್ಟರೆ ಉಪಯೋಗವಿಲ್ಲ. ಶಾಖ ತಡೆಯುವ ಹಲಗೆ ಅದನ್ನೂ ತಡೆಯುತ್ತದೆ, ಮ್ಯಾಟ್ ಮಾತ್ರ ಕಾಯುತ್ತದೆ. ಹಾಗಾಗಿ ಚಾವಣಿಗೆ ಸೆರಾಮಿಕ್ ಹೀಟರ್ ತೂಗುಹಾಕಿ, ಹಾವು ಮುಟ್ಟದಂತೆ ಸುತ್ತ ತಂತಿಯ ಪಂಜರ ಕಟ್ಟಿ, ಶಾಖ ಹದದಲ್ಲಿಡುವ ಥರ್ಮೋಸ್ಟಾಟಿಗೆ ಜೋಡಿಸಿದೆ. ಎರಡನೆಯದು, ಪಿವಿಸಿ 70-80 ಡಿಗ್ರಿಗೆ ಮೆತ್ತಗಾಗುತ್ತದೆ. ಹೀಟರಿನ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹೋಲ್ಡರ್ ಪಿಂಗಾಣಿಯದೇ ಇರಬೇಕು, ಹೀಟರಿಗೂ ಹಲಗೆಗೂ ನಡುವೆ ಧಾರಾಳ ಜಾಗ ಇರಬೇಕು. ಸಂದುಗಳಿಗೆ ಅಕ್ವೇರಿಯಂ ಸಿಲಿಕೋನನ್ನೇ ಹಾಕಿದೆ, ಏಕೆಂದರೆ ಬಚ್ಚಲಿಗೆ ಮಾರುವುದರಲ್ಲಿ ಬೂಷ್ಟು ಕೊಲ್ಲುವ ಔಷಧ ಸೇರಿಸಿರುತ್ತಾರೆ. ವಿನೆಗರ್ ವಾಸನೆ ಹೋಗಲು ಒಂದು ವಾರ ಕಾದೆ.

ಗಾಳಿಗೆ ಒಂದು ಪಕ್ಕೆಯಲ್ಲಿ ಕೆಳಗೆ, ಎದುರಿನ ಪಕ್ಕೆಯಲ್ಲಿ ಮೇಲೆ ಸಾಲಾಗಿ ತೂತು. ಮಳೆಗಾಲದಲ್ಲಿ ಎಲ್ಲ ತೆರೆದಿಡುತ್ತೇನೆ. ಮಾರ್ಚ್ ಬಂದು ಗಾಳಿ ಒಣಗಿದಾಗ ಅರ್ಧವನ್ನು ಹೊರಗಿನಿಂದ ಹಲಗೆಯ ತುಂಡಿಟ್ಟು ಮುಚ್ಚುತ್ತೇನೆ. ಒಳಗೆ ಮಾತ್ರ ಎಂದೂ ಅಂಟುಪಟ್ಟಿ ಹಚ್ಚಬೇಡಿ. ಹಾವಿನ ಮೈಗೆ ಹತ್ತಿದರೆ ಹುರುಪೆ ಸಮೇತ ಕಿತ್ತು ಬರುತ್ತದೆ. ತಳಕ್ಕೆ ಹಾಸಲು ನರ್ಸರಿಯ ತೆಂಗಿನ ನಾರಿನ ಪುಡಿ, ಉಪ್ಪಿನಂಶ ಹೋಗುವಂತೆ ಎರಡು ಸಲ ತೊಳೆದದ್ದು. ಒಳಗಿನ ಗಾಳಿಯ ತೇವ ಈಗ ಶೇಕಡಾ 60ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಳೆದ ಜನವರಿಯಲ್ಲಿ ಬೆಳಗಿನ ಜಾವ ಕರೆಂಟ್ ಹೋಗಿ ಎರಡು ತಾಸಿನ ಮೇಲೆ ಬಂತು. ಆಗಲೂ ತಂಪು ಬದಿ 24ಕ್ಕಿಂತ ಕೆಳಗೆ ಇಳಿಯಲಿಲ್ಲ.

ಬಾಗಿಲಿಗೆ ಸರಿಯುವ ಎರಡು ಗಾಜು, ನಡುವೆ ಶೋಕೇಸಿನ ಬೀಗ. ನಾರಿನ ಪುಡಿ ಜಾಡಿನಲ್ಲಿ ಸೇರಿಕೊಂಡು ಗಾಜು ಕಿರ್ ಅನ್ನುತ್ತದೆ. ಅದಕ್ಕೆ ಅವ್ವ ರವಿವಾರಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಜಾಡು ತಿಕ್ಕುತ್ತಾಳೆ. ಗುಂಡ ಒಳಗಿನಿಂದ ಆ ಬ್ರಷ್ಷಿನ ಹಿಂದೆಯೇ ತಲೆ ತಿರುಗಿಸುತ್ತ ಹೋಗುತ್ತಾನೆ.