ರಾಜಾಬಾಯಿ ಗೋಪುರದ ಚಿತ್ರ ಬರೆಯಲು ಕೂತಾಗ

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ನಮ್ಮಜ್ಜನಿಗೆ ಪದವಿ ಕೊಟ್ಟದ್ದು ಮುಂಬೈ ವಿಶ್ವವಿದ್ಯಾಲಯ. ಆಗ ಅಲ್ಲಿನ ಕಾಲೇಜುಗಳೆಲ್ಲ ಅದರ ಕೆಳಗೇ ಇದ್ದವು. ಹಾಗಾಗಿ ಮುಂಬೈನ ಫೋರ್ಟ್ ಪ್ರದೇಶದಲ್ಲಿರುವ ಅದರ ಆವರಣವಾಗಲಿ, ಅಲ್ಲಿನ ಗಡಿಯಾರ ಗೋಪುರವಾದ ರಾಜಾಬಾಯಿ ಗೋಪುರವಾಗಲಿ ನನಗೆ ಪರಕೀಯ ಅನ್ನಿಸುವುದಿಲ್ಲ. ಚಿತ್ರಕಲೆ ಕಲಿಯುವ ಹುಡುಗರನ್ನು ಕರೆದುಕೊಂಡು ಹೋದಾಗ ಹೇಳಿಕೊಡುವ ಕ್ರಮ ಇದು.

ಮಧ್ಯಾಹ್ನ ಮೂರರ ನಂತರ ಹೋಗಿ. ಕಟ್ಟಡದ ಮುಖ ಪಶ್ಚಿಮಕ್ಕಿದೆ, ಬೆಳಿಗ್ಗೆ ಎಲ್ಲ ನೆರಳು. ಚರ್ಚ್‌ಗೇಟ್ ರೈಲು ನಿಲ್ದಾಣದಲ್ಲಿ ಇಳಿದು ಓವಲ್ ಮೈದಾನ ದಾಟುವ ಮೊದಲೇ ಕೂತು, ಒಟ್ಟು ಆಕಾರವನ್ನು ತೆಳುವಾಗಿ ಗೀಚಿಕೊಳ್ಳಿ. ಗೋಪುರ 280 ಅಡಿ. ಹಾಳೆಯನ್ನು ಉದ್ದಕ್ಕೇ ಹಿಡಿಯಬೇಕು.

ಆಮೇಲೆ ಗಡಿಯಾರವನ್ನು ಬಿಟ್ಟು ಮೂರ್ತಿಗಳನ್ನು ಹುಡುಕಿ. ನನ್ನ ಮಟ್ಟಿಗೆ ಈ ಕಟ್ಟಡದ ಜೀವ ಅಲ್ಲಿದೆ. ನಕ್ಷೆ ಬರೆದ ಇಂಗ್ಲೆಂಡಿನ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಕಾಲಿಟ್ಟವರೇ ಅಲ್ಲ; ಕಮಾನುಗಳಲ್ಲಿ ಕಾಣುವುದು ಫ್ರಾನ್ಸ್, ವೆನಿಸ್‌ನ ಶೈಲಿ. ಆದರೆ ಗೋಪುರದ ಮೂಲೆಗಳ ಗೂಡುಗಳಲ್ಲೂ ಗಡಿಯಾರದ ಮೇಲೆಯೂ ನಿಂತಿರುವ 24 ಮೂರ್ತಿಗಳು ಪಶ್ಚಿಮ ಭಾರತದ ಸಮುದಾಯಗಳ ಜನ. ಅವುಗಳ ಮಾದರಿ ಮಾಡಿದವರು ಕಾಮಗಾರಿಯ ಸಹಾಯಕ ಎಂಜಿನಿಯರ್ ರಾವ್ ಬಹಾದ್ದೂರ್ ಮುಕುಂದ ರಾಮಚಂದ್ರ. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಮುಖಕ್ಕಿಂತ ಮೊದಲು ತಲೆಯುಡುಗೆ ಬರೆಯಿರಿ, ಆಮೇಲೆ ಬಟ್ಟೆಯ ನೆರಿಗೆ, ಕೈ ಇಟ್ಟ ರೀತಿ. ಒಂದೊಂದು ಮೂರ್ತಿಗೂ ಬೇರೆ ಹಾಳೆ ಕೊಡಿ, ಅವಸರ ಬೇಡ.

ಪೆನ್ಸಿಲ್ ಒತ್ತುವಾಗ ಕಲ್ಲು ಗಮನದಲ್ಲಿರಲಿ. ಗೋಡೆಗೆ ಹಳದಿ ಛಾಯೆಯ ಗಟ್ಟಿ ಕುರ್ಲಾ ಕಲ್ಲು, ಕೆತ್ತನೆಗೆ ಉಳಿಗೆ ಬಗ್ಗುವ ಮೆತ್ತನೆಯ ಪೋರಬಂದರ್ ಕಲ್ಲು. ಗೋಡೆಯ ಅಂಚನ್ನು ಚೂಪಾಗಿ ಎಳೆಯಿರಿ. ಕಡಲ ಗಾಳಿ, ಮಳೆಗೆ ಸವೆದ ಎಲೆಬಳ್ಳಿಗಳನ್ನು ಸವೆದಂತೆಯೇ ಬಿಡಿ; ನೀವಾಗಿ ತಿದ್ದಿ ಪೂರ್ತಿ ಮಾಡಿದರೆ ಕಲ್ಲಿನ ವಯಸ್ಸೇ ಅಳಿಸಿಹೋಗುತ್ತದೆ.

ಪಕ್ಕದ ಘಟಿಕೋತ್ಸವ ಭವನ 1874ರದ್ದು, ಗೋಪುರಕ್ಕಿಂತ ನಾಲ್ಕು ವರ್ಷ ಹಿರಿದು. ಒಳಗೆ ಹೋಗಲು ಮೊದಲೇ ಅನುಮತಿ ಪಡೆಯಬೇಕು. ಸಿಕ್ಕರೆ, 20 ಅಡಿ ಅಗಲದ ದುಂಡು ಕಿಟಕಿಯ ಎದುರು ನಿಲ್ಲಿ. ಬಣ್ಣದ ಗಾಜಿನಲ್ಲಿ ಹನ್ನೆರಡು ರಾಶಿಗಳಿವೆ. ಇಲ್ಲಿ ಪೆನ್ಸಿಲ್ ಬೇಡ, ಜಲವರ್ಣ ಬೇಕು: ಮೊದಲು ಗಾಜಿನ ಬಣ್ಣ ತುಂಬಿ, ಅದು ಒಣಗಿದ ಮೇಲೆ ಕಲ್ಲಿನ ಚೌಕಟ್ಟನ್ನು ಕಪ್ಪಾಗಿ ಎಳೆಯಿರಿ. ಕ್ರಮ ತಪ್ಪಿದರೆ ಕಪ್ಪು ಹರಡಿ ಗಾಜು ಮಂಕಾಗುತ್ತದೆ.

ಗೋಪುರಕ್ಕೆ ಸೇರಿಕೊಂಡಿರುವ ಗ್ರಂಥಾಲಯದ ಮೂಲೆಗಳ ತೆರೆದ ಸುತ್ತುಮೆಟ್ಟಿಲು ಮಾತ್ರ ಕಷ್ಟದ ಪಾಠ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.