ಲೇಸರ್ ಪೆನ್ನು ಕಿತ್ತುಕೊಳ್ಳುವ ಬದಲು

ಸಾಗರದಲ್ಲಿ ಮಾರಿಕಾಂಬಾ ಜಾತ್ರೆ ಮುಗಿದರೆ ಸಾಕು, ನಮ್ಮ ಹುಡುಗರ ಜೇಬಲ್ಲೆಲ್ಲ ಲೇಸರ್ ಪೆನ್ನು. ಕಿತ್ತಿಟ್ಟುಕೊಳ್ಳುವುದು ಸುಲಭ. ಆದರೆ ಮನೆಗೆ ಹೋಗಿ ಇನ್ನೊಂದರಲ್ಲಿ ಆಡ್ತಾರೆ, ಅಲ್ವಾ? ಅದಕ್ಕೇ ಒಂಬತ್ತನೇ ತರಗತಿಗೆ ಅದನ್ನೇ ಪಾಠ ಮಾಡಿದೆ.

ಆದರೆ ಪಾಠಕ್ಕೆ ಜಾತ್ರೆಯ ಪೆನ್ನು ಬಳಸಲಿಲ್ಲ. ಅವುಗಳ ಮೇಲೆ ಬರೆದ ಶಕ್ತಿಯ ಅಂಕಿಯನ್ನು ನಂಬುವಂತಿಲ್ಲ. ಹಸಿರು ಪೆನ್ನಂತೂ ಜಾಸ್ತಿ ಅಪಾಯ. ಅದರೊಳಗೆ ಮೊದಲು ಹುಟ್ಟುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಫಿಲ್ಟರ್ ಇಲ್ಲದ ಅಗ್ಗದ ಪೆನ್ನಿನಿಂದ ಅದೂ ಹೊರಗೆ ಬರಬಹುದು. ಕಾಣದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ನಾನು ತಂದದ್ದು 1 ಮಿಲಿವ್ಯಾಟ್‌ಗಿಂತ ಕಡಿಮೆಯ ಕೆಂಪು ಲೇಸರ್, ಸುರಕ್ಷತೆಯ ಲೆಕ್ಕದಲ್ಲಿ ಕ್ಲಾಸ್ 2. ಅದನ್ನು ಸ್ಟ್ಯಾಂಡಿಗೆ ಬಿಗಿದು ಗೋಡೆ ಕಡೆ ತಿರುಗಿಸಿದೆ. ಮಕ್ಕಳು ಹಿಂದೆ. ಕಿರಣ ಪ್ರತಿಫಲಿಸುವ ವಾಚು, ಸ್ಟೀಲ್ ಡಬ್ಬಿ ಎಲ್ಲ ಬ್ಯಾಗಿನೊಳಗೆ.

ಲೇಸರ್ ಹಚ್ಚುವ ಮುಂಚೆ ಅಂಗಳದ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಒಣಗಿದ ಅಡಿಕೆ ಹಾಳೆ ಸುಟ್ಟು ತೋರಿಸಿದೆ. 'ನಿಮ್ಮ ಕಣ್ಣೊಳಗೂ ಇಂಥದ್ದೇ ಮಸೂರ ಇದೆ. ಹಿಂದಿರುವ ರೆಟಿನಾ ಸುಟ್ಟರೂ ನೋವು ಗೊತ್ತಾಗಲ್ಲ' ಎಂದೆ. ಸುಮ್ನೆ 'ನೋಡಬೇಡಿ' ಅನ್ನುವುದಕ್ಕಿಂತ ಇದು ಚೆನ್ನಾಗಿ ತಾಗಿತು.

ಆಮೇಲೆ ತಲೆಕೂದಲು ಅಳೆದೆವು. ಕಿರಣಕ್ಕೆ ಅಡ್ಡವಾಗಿ ಒಂದು ಕೂದಲು ಕಟ್ಟಿದರೆ ಗೋಡೆಯ ಮೇಲಿನ ಚುಕ್ಕಿ ಉದ್ದಕ್ಕೆ ಹರಡುತ್ತದೆ, ನಡುನಡುವೆ ಕಪ್ಪು ಬಿಡುವು. ನಡುವಿನ ದೊಡ್ಡ ಚುಕ್ಕಿ ಬಿಟ್ಟು, ಅಕ್ಕಪಕ್ಕದ ಎರಡು ಕಪ್ಪು ಬಿಡುವುಗಳ ಅಂತರ ಅಳೆಯಬೇಕು. ಗೋಡೆ 2 ಮೀಟರ್ ದೂರ, ತರಂಗಾಂತರ 650 ನ್ಯಾನೋಮೀಟರ್, ಅಂತರ 18 ಮಿಲಿಮೀಟರ್. ಮೊದಲೆರಡನ್ನು ಗುಣಿಸಿ ಮೂರನೆಯದರಿಂದ ಭಾಗಿಸಿದರೆ ಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್! ದಪ್ಪ ಕೂದಲಿಗೆ ಬಿಡುವುಗಳು ಹತ್ತಿರ ಬರುತ್ತವೆ. ಅದು ಉಲ್ಟಾ ಅಂತ ದೊಡ್ಡ ಜಗಳವೇ ಆಯಿತು. ಒಬ್ಬಳು ದನದ ಬಾಲದ ಕೂದಲು ತರ್ತೀನಿ ಎಂದು ಹೊರಟಳು.

ಅಂಗಡಿಯ ಬಾರ್‌ಕೋಡ್, ಫೈಬರ್ ಇಂಟರ್ನೆಟ್, ಸಕ್ಕರೆ ಕಾಯಿಲೆಯವರ ರೆಟಿನಾ ಚಿಕಿತ್ಸೆ, ಇವುಗಳಲ್ಲಿ ಲೇಸರ್ ಬಳಸುವುದನ್ನು ಬೇಗ ಹೇಳಿ ಮುಗಿಸಿದೆ. ಶಿವಮೊಗ್ಗ ಹತ್ತಿರದ ಸೋಗಾನೆ ವಿಮಾನ ನಿಲ್ದಾಣದ ವಿಷಯಕ್ಕೆ ಮಾತ್ರ ನಿಧಾನಿಸಿದೆ. 2023ರಿಂದ ನಮ್ಮ ಜಿಲ್ಲೆಗೂ ವಿಮಾನ ಬರುತ್ತಿದೆಯಲ್ಲ. ವಿಮಾನದ ಕಡೆ ಹಿಡಿದ ಪೆನ್ನಿನ ಸಣ್ಣ ಚುಕ್ಕಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಅಗಲವಾಗಿರುತ್ತದೆ. ಪೈಲಟ್ ಮುಂದಿನ ಗಾಜೆಲ್ಲ ಬೆಳಗಿಬಿಡುತ್ತದೆ, ಅದೂ ಇಳಿಯುವ ಹೊತ್ತಿನಲ್ಲಿ.

ಕೊನೆಗೆ ಒಬ್ಬ ಎದ್ದು ನಿಂತ. "ಸಾರ್, ತೋಟಕ್ಕೆ ಬರೋ ಮಂಗ ಓಡಿಸಬಹುದಾ?"

"ಮಂಗಕ್ಕೂ ನಮ್ಮಂಥದ್ದೇ ಕಣ್ಣು ಕಣೋ. ಗುರಿ ತಪ್ಪಿದರೆ ಮರದ ಮೇಲೆ ಅಡಿಕೆ ಕೊಯ್ತಿರೋ ಕೊನೆಗೌಡನ ಕಣ್ಣಿಗೇ ಬೀಳತ್ತೆ."

"ಹಂಗಾದ್ರೆ ಪಟಾಕಿನೇ ಸಾಕು ಬಿಡಿ ಸಾರ್" ಎಂದ.